ಭಟ್ಟಿಗೆ ಕುಂಕುಮ ಹಚ್ಚದ ದಿವಸ

ಅಡಿಗಿ ಮಾಡಾಂವ ದೇವರ ವಿಚಾರದಾಗ ತಲಿ ಹಾಕಬಾರದು ಅಂತ ನಾ ಎಷ್ಟ ಸಲ ಅಂದುಕೊಂಡ್ರೂ, ದೇವ್ರು ಬಂದು ನನ್ನ ಕಡಾಯಿದಾಗ ಕೈ ಹಾಕೂದು ಬಿಟ್ಟಿಲ್ಲ. ನಾ ಗಡಹಿಂಗ್ಲಜದ ಅಡಿಗಿ ಆಚಾರಿ. ಲಗ್ನ, ತೊಟ್ಟಲ, ವಾಸ್ತುಶಾಂತಿ, ದಿನಕರ್ಮ, ಎಲ್ಲಾದಕ್ಕೂ ಅಡಿಗಿ ಮಾಡತೇನಿ. ಕೊಲ್ಲಾಪುರದಿಂದ ಇಚಲಕರಂಜಿತನಕ ನನ್ನ ಅಡಿಗಿ ಪಾತೇಲಿ ಹೋಗದ ಓಣಿ ಇಲ್ಲ. ನಮ್ಮದು ಲಿಂಗಾಯತರ ಮನಿ, ಉಳ್ಳಾಗಡ್ಡಿ ನಡೀತೈತಿ, ಮಾಂಸದ ಮಾತಂತೂ ಬ್ಯಾಡ. ಆದ್ರ ನನ್ನ ಅಡಿಗಿಗೆ ಕರಿಯೋರು ಮಾತ್ರ ಎಲ್ಲಾ ಧರ್ಮದವರು.

ಭಟ್ಟಿ ಹಚ್ಚೂಕಿಂತ ಮೊದಲ ಅದಕ್ಕ ಅರಿಷಿಣ ಕುಂಕುಮ ಹಚ್ಚಿ, ಒಂದ ಕಾಯಿ ಒಡದು, ಕೈ ಮುಗೀತೇನಿ. ನಮ್ಮಪ್ಪನೂ ಹಂಗ ಮಾಡತಿದ್ದ. ಈ ಒಂದ ಪೂಜಿಯಿಂದ ನನ್ನ ಬೆನ್ನಿಗೆ ಬಿದ್ದ ತಂಗಿ ಆರು ವರ್ಷ ನನ್ನ ಕೈಯಾಗಿನ ಒಂದ ತುತ್ತ ಉಣ್ಣಲಿಲ್ಲ. ಅದನ್ನ ಹೇಳಬೇಕಂತನ ಕುಂತೇನಿ. ಆದ್ರ ಅದನ್ನ ಹೇಳಾಕ ಎದಿ ಗಟ್ಟಿ ಬೇಕು, ಅದಕ್ಕ ಮೊದಲ ಒಂದೆರಡು ಹಗುರ ಸಂಗತಿ ಹೇಳತೇನಿ.

ಯಾವ ಚರ್ಚು ರೀ?

ಕ್ರಿಶ್ಚನ್ನರ ಮನಿ ಕೆಲಸ ಬಂದ್ರ ನಾ ಮೊದಲ ಕೇಳೂದು ಎಷ್ಟ ಮಂದಿ ಅಂತ ಅಲ್ಲ. ಯಾವ ಚರ್ಚು ರೀ ಅಂತ. ಯಾಕಂದ್ರ ಪೂರಿ ಬಿಸಿ ಬಡಸಬೇಕು, ಅವರು ಪ್ರಾರ್ಥನಾ ಆಗೂತನಕ ಕೈ ಹಚ್ಚಂಗಿಲ್ಲ. ಕ್ಯಾಥೋಲಿಕರದು ಬಾಯಿಪಾಠ. ಒಂದ ಪೂರಿ ಉಬ್ಬಿ ಮಗ್ಗಲಾ ಬದಲ ಮಾಡೂದ್ರಾಗ ಆಮೆನ್ ಬರತೈತಿ. ಮಿಶನ್ ಚರ್ಚಿನವರು ಆಮೆನ್ ಅನ್ನೂದ್ರಾಗ ಒಂದ ಪೂರಾ ಕಡಾಯಿ ಪೂರಿ ಕರದು ಮುಗೀತಾವು. ವಿಶ್ವಾಸಿಗಳು ಅಂತ ಇದ್ದಾರಲ್ಲ, ಬಾಡಿಗಿ ಹಾಲ್‌ದಾಗ ಕೂಡಿ ಚಪ್ಪಾಳಿ ಹೊಡದು ಹಾಡವರು, ಅವರ ಪ್ರಾರ್ಥನಾ ಸುರು ಆತಂದ್ರ ಗ್ಯಾಸ್ ಬಂದ್ ಮಾಡಿ ಕುಂದ್ರೂದ ಚಲೋ. ಊರಾಗ ಜಡ್ಡ ಬಿದ್ದವರ ಹೆಸರೆಲ್ಲಾ ಅದ್ರಾಗ ಬರತಾವು.

ಒಮ್ಮೆ ಕೊಲ್ಲಾಪುರದಾಗ ಒಂದು ಕೂಸಿನ ತೊಟ್ಟಲ ಊಟ. ತಾಯಿ ಕಡಿ ಅಜ್ಜ ಕ್ಯಾಥೋಲಿಕ್, ತಂದಿ ಕಡಿ ಅಜ್ಜ ಮಿಶನ್ ಚರ್ಚಿನಾಂವ. ಕ್ಯಾಥೋಲಿಕ್ ಅಜ್ಜ ಪ್ರಾರ್ಥನಾ ಮುಗಿಸಿದ. ಮತ್ತೊಬ್ಬ ಅಜ್ಜ, "ಇದು ಪುಸ್ತಕದಾಗಿಂದು ಆತಲ್ರಿ, ಮನಸಿನಾಗಿಂದು ಬರಬೇಕು," ಅಂದು ಹೊಸದಾಗಿ ಸುರು ಮಾಡಿದ.

"ಇಷ್ಟ ಹೇಳಬೇಕಂದ್ರ ನಿಮ್ಮ ದೇವ್ರಿಗೆ ಕಿವಿ ಮಂದ ಏನ್ರಿ?" ಅಂದ ಕ್ಯಾಥೋಲಿಕ್ ಅಜ್ಜ.

"ದಿನಾ ಅದ ಬಾಯಿಪಾಠ ಕೇಳಿ ಕೇಳಿ ನಿಮ್ಮಾಂವ ಬ್ಯಾಸತ್ತಾನ್ರಿ," ಅಂದ ಮಿಶನ್ ಅಜ್ಜ.

ನಾ ಪೂರಿ ಬುಟ್ಟಿ ಹಿಡಕೊಂಡು ನಡುವ ನಿಂತಿದ್ದೆ. ಇಬ್ಬರೂ ನನ್ನ ಕಡೆ ತಿರುಗಿದ್ರು. ಮಿಶನ್ ಅಜ್ಜ ಕೇಳಿದ, "ಅಹೋ ಆಚಾರಿ, ನೀವು ಹೊರಗಿನವರು, ನೀವ ಹೇಳ್ರಿ. ಇಬ್ಬರ ದೇವ್ರೂ ಒಂದ ಏನು, ಬ್ಯಾರೇನು?"

"ದೇವ್ರದು ನನಗ ಗೊತ್ತಿಲ್ರಿ ಅಜ್ಜಾರ," ಅಂದೆ. "ಅವರ ಪ್ರಾರ್ಥನಾದಾಗ ಪೂರಿ ಉಬ್ಬಿದ್ದವು. ನಿಮ್ಮ ಪ್ರಾರ್ಥನಾದಾಗ ಕುಂತವು."

ಹೊತ್ತ ಮುಳುಗೂದ್ರಾಗ

ಇಚಲಕರಂಜಿದಾಗ ಒಬ್ಬರು ಜೈನ ಸಾಹುಕಾರರು, ನೂಲಿನ ವ್ಯಾಪಾರ. ಹೊಸಾ ಮನಿ ಊಟಕ್ಕ ಮಕ್ಕಳ ಸಾಲಿ ಫಾದರನ್ನೂ ಕರದಿದ್ರು. ಜೈನರು ಹೊತ್ತ ಮುಳುಗಿದ ಮ್ಯಾಲ ಉಣ್ಣಂಗಿಲ್ಲ. ಫಾದರು ಟ್ರಾಫಿಕ್ಕಿನಾಗ ಸಿಕ್ಕೊಂಡಿದ್ರು. ದೊಡ್ಡ ಮನಶ್ಯಾರು ಬರೂಕಿಂತ ಮೊದಲ ತಾಟಿಗೆ ಕೈ ಹಚ್ಚೂದು ಹ್ಯಾಂಗ ಅಂತ ಎಲ್ಲಾರೂ ಕುಂತಿದ್ರು. ಸಾಹುಕಾರರ ತಾಯಿ ತಾಟಿನ ಮುಂದ ಕುಂತು ಖಿಡಕಿಯಾಗ ಸೂರ್ಯಾನ್ನ ನೋಡಾಕತ್ತಿದ್ರು. ಮುಂಜಾನೆ ಒಂದ ಹೊತ್ತ ಉಂಡ ಜೀವ ಅದು.

ಫಾದರು ಬಂದ್ರು. ಸಾಹುಕಾರರು ಮರ್ಯಾದಿಗೆ, "ಫಾದರ್, ನಿಮ್ಮ ಪದ್ಧತಿ ಪ್ರಕಾರ ಒಂದ ಪ್ರಾರ್ಥನಾ ಆಗಲಿ," ಅಂದ್ರು. ಪ್ರಾರ್ಥನಾ ಮುಗಿಯೂದ್ರಾಗ ಹೊತ್ತ ಮುಳುಗತೈತಿ ಅಂತ ನಾ ಬಡಸೂ ಸೌಟ ಕೆಳಗಿಟ್ಟೆ.

ಅಜ್ಜಿ ತಲಿ ಎತ್ತಿದ್ರು. "ಫಾದರ್, ಈ ಜಗತ್ತು ಯಾರೂ ಮಾಡಿದ್ದಲ್ಲ, ತನ್ನಷ್ಟಕ್ಕ ಐತಿ ಅಂತಾರ ನಮ್ಮೊಳಗ. ನಿಮ್ಮೊಳಗ ಅದನ್ನ ಮಾಡಿದಾಂವ ಒಬ್ಬ ಇದ್ದಾನ ಅಂತಾರಂತ. ಇದ್ರ ಅವಗ ಹೇಳ್ರಿ, ಸೂರ್ಯಾಗ ಒಂದ ಹತ್ತ ನಿಮಿಷ ನಿಂದರ ಅನ್ನು ಅಂತ."

ಫಾದರು ಖಿಡಕಿ ಕಡೆ ನೋಡಿದ್ರು, ಅಜ್ಜಿ ಕಡೆ ನೋಡಿದ್ರು, ಕಣ್ಣ ಮುಚ್ಚಿದ್ರು. "ದೇವರೇ, ಅಜ್ಜಿಗೆ ಹಸಿವಾಗೈತಿ. ಆಮೆನ್."

ಅಜ್ಜಿ ತುತ್ತ ಬಾಯಿಗೆ ಇಟ್ಟು ಮಗನ ಕಿವ್ಯಾಗ ಅಂದ್ರು, "ಇವರ ದೇವ್ರು ಇಲ್ಲಂತ ಇನ್ನ ಮ್ಯಾಲ ಅಷ್ಟ ಜೋರಾಗಿ ಹೇಳಬ್ಯಾಡೋ."

ಕಲಸದ ಉಂಡಿ

ಇನ್ನ ನನ್ನ ತಂಗಿ ಮಾತು. ಆಕಿ ಗಂಡ ಕಾಗಲದಾಗ ಫ್ಯಾಕ್ಟರಿ ಕೆಲಸಕ್ಕ ಹೋಗತಿದ್ದ, ಭಾಳ ಕುಡೀತಿದ್ದ. ನಾವು ಹರಕಿ ಹೊತ್ವಿ, ತಾಯತಾ ಕಟ್ಟಿಸಿದ್ವಿ, ಏನ ಮಾಡಿದ್ರೂ ಬಿಡಲಿಲ್ಲ. ಕಡಿಗೆ ಯಾರೋ ವಿಶ್ವಾಸಿಗಳ ಪ್ರಾರ್ಥನಾಕ್ಕ ಕರಕೊಂಡು ಹೋದ್ರು. ಬಿಟ್ಟ. ಬಿಟ್ಟಾಂವ ಮತ್ತ ಮುಟ್ಟಲಿಲ್ಲ. ಗಂಡ ಹೆಂಡ್ತಿ ಇಬ್ಬರೂ ಅಲ್ಲೇ ನಡಕೊಂಡ್ರು. ಅದಕ್ಕ ನಾ ಏನೂ ಅನ್ನಾಕ ಬರಂಗಿರಲಿಲ್ಲ, ಅನ್ನಲೂ ಇಲ್ಲ.

ಆದ್ರ ಅವರೊಳಗ ಮೂರ್ತಿಗೆ ಎಡಿ ತೋರಿಸಿದ್ದು, ಪೂಜಿ ಆಗಿದ್ದು ತಿನ್ನಂಗಿಲ್ಲ. ನನ್ನ ಭಟ್ಟಿ ಮ್ಯಾಲಿಂದು ಎಲ್ಲಾ ಪೂಜಿ ಆಗಿದ್ದ. ಪಂಚಮಿಗೆ ತವರಮನಿ ಅಂತ ಬಂದ್ಲು, ಕೈಯಾಗ ತಂದ ಊಟದ ಡಬ್ಬಿ. ಇಡೀ ತಾಲೂಕ ಉಣ್ಣೂ ಅಡಿಗಿ ನಂದು, ನನ್ನ ಮನ್ಯಾಗ ನನ್ನ ತಂಗಿ ಡಬ್ಬಿ ಹಿಡಕೊಂಡು ಕುಂತಾಳ. ನನಗ ಸಿಟ್ಟ ನೆತ್ತಿಗೇರಿತು. ಒಳಗ ಹೋಗಿ ರವಾ ಒಂದ ಚೀಲದಾಗ, ಸಕ್ಕರಿ ಒಂದ ಚೀಲದಾಗ, ತುಪ್ಪ ಒಂದ ಬಾಟ್ಲಿದಾಗ ಹಾಕಿ ಆಕಿ ಮುಂದ ಇಟ್ಟೆ. "ತಗೋ ತಂಗೆವ್ವ. ಇದು ಉಂಡಿ. ಯಾವ ದೇವ್ರೂ ಮುಟ್ಟಿಲ್ಲ, ನೀನ ಕಲಸಕೊಂಡ ತಿನ್ನು."

ಆಕಿ ತಗೊಂಡು ಹೋದ್ಲು. ಮರದಿವಸ ಅದರಾಗಿಂದನ ಉಂಡಿ ಕಟ್ಟಿ ಕಳಿಸಿದ್ಲು. ನಾ ಮುಟ್ಟಲಿಲ್ಲ. "ಅದರ ಮ್ಯಾಲ ಆಕಿ ಪ್ರಾರ್ಥನಾ ಮಾಡಿರತಾಳ," ಅಂದೆ.

ನನ್ನ ಹೆಂಡ್ತಿ ಒಬ್ಬಾಕಿನ ಕುಂತು ಎಲ್ಲಾ ಉಂಡಿ ತಿಂದ್ಲು. "ನಿಮ್ಮ ಅಣ್ಣ ತಂಗಿ ಧರ್ಮ ಹಿಂಗ ಗಟ್ಟಿ ಇರಲಿ ರೀ," ಅಂದ್ಲು, "ನನಗ ಉಂಡಿ ಸಿಗತಾವು."

ನೀರ ಎಷ್ಟು?

ಹೋದ ವರ್ಷ ತಂಗಿ ಮಗಳ ಲಗ್ನ ಕೂಡಿತು. ಹುಡುಗ ಕೊಲ್ಲಾಪುರದಾಂವ, ಮಿಶನ್ ಚರ್ಚಿನ ಮನಿತನ. ಒಂದ ಬೈಬಲ್, ಒಬ್ಬನ ಯೇಸು, ಇನ್ನೇನ ತಕರಾರು ಅಂತ ನಾ ತಿಳಕೊಂಡಿದ್ದೆ. ತಕರಾರು ದೀಕ್ಷಾಸ್ನಾನದ ನೀರಿಂದು. ಹುಡುಗ ಕೂಸ ಇದ್ದಾಗ ಅವರ ಚರ್ಚಿನ್ಯಾಗ ನೆತ್ತಿ ಮ್ಯಾಲ ನಾಕ ಹನಿ ಚಿಮುಕಿಸಿದ್ರಂತ. ತಂಗಿ ಕಡೆ ಪಾಸ್ಟರ್ ಅದು ನಡ್ಯಂಗಿಲ್ಲ, ಬುದ್ಧಿ ಬಂದ ಮ್ಯಾಲ ನದ್ಯಾಗ ಪೂರಾ ಮುಳುಗಬೇಕು ಅಂದ್ರು. ಹುಡುಗನ ಅಪ್ಪ, ದೇವ್ರೇನು ಅಳತಿ ಹಿಡಕೊಂಡ ಕುಂತಾನೇನು ಅಂತ ಎದ್ದ ನಿಂತ.

ತಂಗಿ ಅಳಕೋತ ನನ್ನ ಕಡೆ ಬಂದ್ಲು. ಲಗ್ನ ಮುರದ್ರ ಮಗಳ ಜೀವ ಉಳಿಯಂಗಿಲ್ಲ ಅಂದ್ಲು. ನಾ ಪಾಪಿ, ಆ ಹೊತ್ತಿನ್ಯಾಗ, "ನನ್ನ ಅನ್ನಕ್ಕ ನೀ ಅಳತಿ ಹಚ್ಚಿದಿ, ನಿನ್ನ ಅಳಿಯಗ ನಿಮ್ಮ ಪಾಸ್ಟರ್ ಹಚ್ಚ್ಯಾರ," ಅಂದುಬಿಟ್ಟೆ. ಆಕಿ ಮಾರಿ ನೋಡಿ ನನ್ನ ನಾಲಿಗಿ ಕಡಕೋಬೇಕು ಅನ್ನಿಸಿತು.

ಹುಡುಗ ಶಾಣ್ಯಾ ಇದ್ದ. ತಾನ ಪಾಸ್ಟರ್ ಮನಿಗೆ ಹೋದ. "ಪಾಸ್ಟರ್, ನಾ ಸಣ್ಣಾಂವ ಇದ್ದಾಗಿಂದ ದಿನಾ ಮುಂಜಾನೆ ಪಂಚಗಂಗಾದಾಗ ಈಸತೇನಿ. ಮುಳುಗೂದು ನಂದು ಆಗೇತಿ. ಒಂದ ದಿವಸ ದಂಡಿಗೆ ಬಂದು ಪ್ರಾರ್ಥನಾ ಅಷ್ಟ ನೀವು ಹೇಳ್ರಿ."

ಭಟ್ಟಿ ಮುಂದ

ಪಾಸ್ಟರ್ ನಕ್ಕು ಒಪ್ಪಿದ್ರು, ಲಗ್ನ ಉಳೀತು. ತಂಗಿ ಮತ್ತ ಬಂದ್ಲು, ಹೊಚ್ಚಲದಾಗ ನಿಂತ್ಲು. "ಅಣ್ಣಾ, ಅಡಿಗಿ ನೀನ ಮಾಡಬೇಕು. ನನ್ನ ಮಗಳ ಲಗ್ನದಾಗ ನಾ ನಿನ್ನ ಕೈ ಅನ್ನ ಉಣಬೇಕು. ಆದ್ರ ಭಟ್ಟಿಗೆ ಪೂಜಿ ಬ್ಯಾಡ."

ಹೂಂ ಅಂದೆ. ಅಂದವಗ ನಿದ್ದಿ ಇಲ್ಲ. ಪೂಜಿ ಇಲ್ಲದ ಒಂದ ದಿವಸಾನೂ ಬೆಂಕಿ ಹಚ್ಚಿದ ಕೈ ಅಲ್ಲ ಇದು. ಒಂದ ಉಪಾಯ ಹೊಳೀತು. ಟೆಂಪೋಕ್ಕ ಹೇರೂ ಮೊದಲ ಮನ್ಯಾಗನ ಭಟ್ಟಿಗೆ ಪೂಜಿ ಮುಗಿಸಿ ಒರಸಿಬಿಡೂದು, ಯಾರಿಗೆ ಗೊತ್ತಾಗತೈತಿ? ಹೆಂಡ್ತಿ ಕುಂಕುಮದ ಡಬ್ಬಿ ಕಸಗೊಂಡ್ಲು. "ಆಕಿ ನಂಬಿ ಉಣ್ಣಾಕ ಬರಾಕತ್ತಾಳ. ಕದ್ದ ಪೂಜಿ ನಿಮ್ಮ ದೇವ್ರಿಗೂ ಸೇರಂಗಿಲ್ಲ."

ಲಗ್ನದ ಮುಂಜಾನೆ ಪ್ರಾರ್ಥನಾ ಹಾಲ್‌ದ ಹಿಂದ ಭಟ್ಟಿ ಇಟ್ಟು ನಿಂತೆ. ಕೈಯಾಗ ಕಡ್ಡಿಪೆಟ್ಟಿಗಿ. ಗೀರಾಕ ಆಗವೊಲ್ದು. ತಂಗಿ ಬಂದು ನೋಡಿದ್ಲು. "ಯಾಕಣ್ಣಾ?"

"ಸುಮ್ಮಸುಮ್ಮನ ಹಚ್ಚಾಕ ಕೈ ಬರವೊಲ್ದವ್ವ."

"ಹಂಗಾರ ನಾ ಪ್ರಾರ್ಥನಾ ಮಾಡತೇನಿ," ಅಂದು ತಲಿ ಮ್ಯಾಲ ಸೆರಗ ಹೊತ್ತು ಕಣ್ಣ ಮುಚ್ಚಿದ್ಲು. "ಪ್ರಭು, ನಮ್ಮಣ್ಣನ ಕೈಯಾಗ ನೀ ಇರು. ಅಂವ ಸಿಟ್ಟಿನ ಮನಶ್ಯಾ, ನಿನಗ ಗೊತ್ತೈತಿ. ಉಪ್ಪು ಜಾಸ್ತಿ ಹಾಕತಾನ, ಅದೂ ಗೊತ್ತೈತಿ. ನನ್ನ ಗಂಡ ಕುಡಿಯೂದು ಬಿಟ್ಟಾಗ ಊರ ಮಂದಿ ಎಲ್ಲಾ ಚಲೋ ಆತು ಅಂದ್ರು, ಇಂವ ಒಬ್ಬ ಅನಲಿಲ್ಲ, ಪ್ರಭು. ಆರು ವರ್ಷದಾಗ ಒಂದ ಸಲ ಅನಲಿಲ್ಲ."

 ಆಕಿ ನನ್ನ ಜೋಡಿ ಮಾತಾಡಾಕತ್ತಿಲ್ಲ, ದೇವ್ರ ಜೋಡಿ ಮಾತಾಡಾಕತ್ತಾಳ. ನಡುವ ಬಾಯಿ ಹಾಕೂದು ತಪ್ಪು. ಆದ್ರ ಸುಮ್ಮನ ಇರೂದು ನನ್ನ ಗುಣ ಅಲ್ಲ. ನಾನೂ ಕೊರಳಾಗಿನ ಲಿಂಗ ಹಿಡದು ಕಣ್ಣ ಮುಚ್ಚಿದೆ.

"ಶಿವಾ, ಆಕಿ ಗಂಡ ಬಿಟ್ಟ ದಿವಸ ನಾ ನಿನ್ನ ಗುಡಿಗೆ ಬಂದು ಕಾಯಿ ಒಡದು ಅತ್ತಿದ್ದು ನಿನಗ ಗೊತ್ತೈತಿ. ಆಕಿಗೆ ಹೇಳಲಿಲ್ಲ, ಅದು ನಂದ ತಪ್ಪು. ಉಪ್ಪಿಂದು ಮಾತ್ರ ಸುಳ್ಳು."

 ಮತ್ತ ಆಕಿ ದನಿ ಬಂತು. "ಪ್ರಭು, ಪಂಚಮಿಗೆ ನಾ ಒಯ್ದ ಡಬ್ಬಿ ನಾನೂ ಉಣ್ಣಲಿಲ್ಲ. ಅಣ್ಣನ ಮನ್ಯಾಗಿಂದ ಹಂಗ ಹೊಳ್ಳಿ ಒಯ್ದೆ. ಎಮ್ಮಿಗೆ ಹಾಕೀನಿ."

"ಶಿವಾ, ಅವತ್ತ ರಾತ್ರಿ ನಾನೂ ಉಪಾಸ ಮಲಗೀನಿ."

"ಪ್ರಭು, ಉಪ್ಪಿಂದು ಸುಳ್ಳಲ್ಲ. ಅವನ ಹೆಂಡ್ತಿ, ನಮ್ಮ ವೈನಿನ್ನ ಕೇಳು."

ಭುಸ್ ಅಂತ ಸಪ್ಪಳ ಆತು. ಇಬ್ಬರೂ ಕಣ್ಣ ತಗದ್ವಿ. ನನ್ನ ಹೆಂಡ್ತಿ ಪೂಜಿನೂ ಇಲ್ಲ, ಪ್ರಾರ್ಥನಾನೂ ಇಲ್ಲ, ಕಡ್ಡಿ ಗೀರಿ ಭಟ್ಟಿ ಹಚ್ಚಿ ಪಾತೇಲಿ ಇಟ್ಟಿದ್ಲು. "ಬೀಗರು ಬರೂ ಹೊತ್ತಾತು," ಅಂದ್ಲು. "ಮತ್ತ ನನಗೊಂದು ಹೇಳ್ರಿ. ಆಕಿ ಹೇಳಿದ್ದು ಆಕಿ ದೇವ್ರಿಗೆ, ನೀವು ಹೇಳಿದ್ದು ನಿಮ್ಮ ದೇವ್ರಿಗೆ. ಇಬ್ಬರ ದೇವ್ರೂ ಬ್ಯಾರೆ ಬ್ಯಾರೆ ಅಂದ್ರ, ನಿಮ್ಮೊಳಗ ಒಬ್ಬರ ಮಾತು ಇನ್ನೊಬ್ಬರಿಗೆ ಹ್ಯಾಂಗ ಮುಟ್ಟಾಕತ್ತೈತಿ?"

ತಂಗಿ ಉಳ್ಳಾಗಡ್ಡಿ ಹೆಚ್ಚಾಕ ಕುಂತ್ಲು, ನಾ ಅಕ್ಕಿ ತೊಳ್ಯಾಕ ಹೋದೆ. 

ಮಸಾಲಿ ಭಾತ ಇಳಿಸಿದ ಮ್ಯಾಲ ಮೊದಲನೇ ತಾಟ ಆಕಿಗೇ ಕೊಟ್ಟೆ. ತಂಗಿ ಅಲ್ಲೇ ಒಂದ ಡಬ್ಬಾದ ಮ್ಯಾಲ ಕುಂತು ಉಂಡ್ಲು. ಆಕಿ ಕಣ್ಣಾಗ ನೀರು, ನನ್ನ ಕಣ್ಣಾಗೂ ನೀರು, ಮುಚ್ಚಿಡೂದ್ಯಾಕ. ತಡಕೊಳ್ಳಾಕ ಆಗದ, "ಹ್ಯಾಂಗ ಆಗೈತಿ?" ಅಂತ ಕೇಳಿದೆ.

ಆಕಿ ಬಾಯಾಗಿನ ತುತ್ತ ನುಂಗಿ ಕಣ್ಣ ಮುಚ್ಚಿದ್ಲು.

"ಪ್ರಭು, ನಾ ಹೇಳಿದ್ದು ಖರೇನ ಐತಿ, ಉಪ್ಪು ಜಾಸ್ತಿನ ಆಗೈತಿ," ಅಂದು ತಾಟ ನನ್ನ ಕಡೆ ಚಾಚಿದ್ಲು. "ಆದ್ರ ಇನ್ನೊಂದ ಸೌಟ ಹಾಕು ಅಂತ ಅವಗ ಹೇಳು."