ಅತ್ತೆಯ ಮೊಣಕಾಲು ಮತ್ತು ನವಾಬರ ಕಮಾನು

ನೋಡುವುದೇ ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ರೋಗಿಯ ತುಟಿ ಎಷ್ಟು ಗಂಟೆಗೆ ಬಿಳಿಚಿತು, ಸಲೈನ್ ಬಾಟಲಿಯಲ್ಲಿ ಎಷ್ಟು ಉಳಿದಿತ್ತು ಎಂಬುದನ್ನು ನೋಡಬೇಕು, ನೋಡಿದ್ದನ್ನಷ್ಟೇ ಬರೆಯಬೇಕು. ಬರೆದು ಬರೆದು, ನನ್ನ ಕಣ್ಣು ತಪ್ಪಿಸಿ ಯಾವುದೂ ಹೋಗಲಾರದು ಎಂಬ ಸಣ್ಣ ಗರ್ವವೂ ಬಂದಿತ್ತು. ಆದರೆ ಬೀದರಿನ ಹಳೆ ಊರಿನ ಓಣಿಯಲ್ಲಿರುವ ನಮ್ಮ ಮನೆ ಜನ ಬಂದು ನೋಡತಕ್ಕ ಮನೆ ಎಂಬುದು ನನಗೆ ಗೊತ್ತಾದದ್ದು ಹೋದ ಮಳೆಗಾಲದಲ್ಲಿ, ಅದೂ ಪರ ಊರಿನವರು ಹೇಳಿದ ಮೇಲೆ. ಮಿಷನ್ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದ ನಮ್ಮ ಮಾವ ಕೊಂಡ ಹಳೆಯ ಮನೆ ಅದು. ಅದರ ತೊಲೆಗಳಲ್ಲಿದ್ದ ಕಬ್ಬಿಣದ ಬಳೆಗಳಿಗೆ ಹಗ್ಗ ಕಟ್ಟಿ ನಾನು ಯೂನಿಫಾರ್ಮ್ ಒಣಗಿಸುತ್ತಿದ್ದೆ. ಒಳಗಿನ ಕಲ್ಲಿನ ಕಮಾನಿನ ಕೆಳಗೆ ತೊಗರಿಬೇಳೆಯ ಡಬ್ಬಿ, ಮುರಿದ ಕೊಡೆ ಮತ್ತು ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ ಇಟ್ಟಿದ್ದೆ.

ಆ ಕಮಾನಿನ ಪಕ್ಕದ ಕೋಣೆಯಲ್ಲಿ ನಮ್ಮ ಅತ್ತೆ ಸುವಾರ್ತಮ್ಮ ಮಲಗುತ್ತಾರೆ. ಅವರ ಎರಡೂ ಮೊಣಕಾಲು ಸವೆದಿವೆ. ಪಾಯಖಾನೆ ಇರುವುದು ಅಂಗಳದ ಆಚೆ ಕೊನೆಯಲ್ಲಿ. ಮಂಚದಿಂದ ಅಲ್ಲಿಗೆ ಅವರ ಹೆಜ್ಜೆಯಲ್ಲಿ ಮೂವತ್ತನಾಲ್ಕು ಹೆಜ್ಜೆ, ನಡುವೆ ಎರಡು ಕಲ್ಲಿನ ಮೆಟ್ಟಿಲು. ಮೈಲೂರಿನಲ್ಲಿ ನಾದಿನಿಯ ಹೊಸ ಮನೆಯಿದೆ, ಅಲ್ಲಿ ಎರಡು ಕಮೋಡ್ ಇವೆ. ಆದರೆ ಅತ್ತೆ ಅಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅಲ್ಲಿಗೆ ಚರ್ಚಿನ ಗಂಟೆ ಕೇಳಿಸುವುದಿಲ್ಲವಂತೆ. ಅದಕ್ಕೇ ಕಮಾನಿನ ಕೆಳಗಿನ ತೆರಪನ್ನು ಮುಚ್ಚಿದ್ದ ಗೋಡೆ ಒಡೆದು, ಹಿಂದಿನ ಸಣ್ಣ ಜಾಗದಲ್ಲಿ ಅವರಿಗೊಂದು ಕಮೋಡ್ ಕೂರಿಸುವುದೆಂದು ನಿಶ್ಚಯಿಸಿ, ಕಮಠಾಣದಿಂದ ವೀರಪ್ಪ ಎಂಬ ಗೌಂಡಿಯನ್ನು ಕರೆಸಿದೆ.

ವೀರಪ್ಪ ಸುತ್ತಿಗೆ ಎತ್ತಿದ ಬೆಳಿಗ್ಗೆಯೇ ಭಾಲ್ಕಿಯ ಒಬ್ಬ ಲೆಕ್ಚರರು ಎಂಟು ಜನರನ್ನು ಕರೆದುಕೊಂಡು ಬಾಗಿಲಲ್ಲಿ ನಿಂತರು. ಹಳೆಯ ಮನೆಗಳನ್ನು ನೋಡುತ್ತಾ ಓಣಿ ಓಣಿ ತಿರುಗುತ್ತಿದ್ದರು. ಒಳಗೆ ಬಂದವರು ಕಮಾನಿನ ಮುಂದೆ ಗಪ್ಪನೆ ನಿಂತುಬಿಟ್ಟರು. "ಸಿಸ್ಟರ್, ಇದು ಬಹುಶಃ ನವಾಬರ ಕಾಲದ್ದರಿ. ಇಂಥ ಕೆಲಸ ಈಗ ಎಲ್ಲಿ ಸಿಗ್ತದ್ರಿ? ಪುಣ್ಯ ಮಾಡೀರಿ ನೀವು. ಇದಕ್ಕ ಕೈ ಹಚ್ಚಬ್ಯಾಡ್ರಿ," ಎಂದರು ಲೆಕ್ಚರರು. ಒಬ್ಬ ಹೆಣ್ಣುಮಗಳು ನನ್ನನ್ನು ಕಮಾನಿನ ಕೆಳಗೆ, ತೊಗರಿಬೇಳೆಯ ಡಬ್ಬಿಯನ್ನು ಮರೆಮಾಡಿ ನಿಲ್ಲಿಸಿ ಫೋಟೋ ತೆಗೆದಳು. ವೀರಪ್ಪ, "ಅಕ್ಕೋರ, ನನ್ನದೊಂದು ಮಾತ..." ಎಂದ. ನಾನು, "ಆಮ್ಯಾಲ ನೋಡಮು" ಎಂದು ಅವನನ್ನು ಊರಿಗೆ ಕಳಿಸಿದೆ.

ಅಲ್ಲಿಂದ ಮುಂದೆ ಭಾನುವಾರ ಆರಾಧನೆ ಮುಗಿಸಿ ಬರುವಷ್ಟರಲ್ಲಿ ಯಾರಾದರೂ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನಾನು ಡಬ್ಬಿಗಳನ್ನು ಅಟ್ಟಕ್ಕೆ ಏರಿಸಿದೆ. ಹಗ್ಗ ಬಿಚ್ಚಿದೆ. ಬಂದವರಿಗೆ ಕಮಾನು ತೋರಿಸುತ್ತಾ ಲೆಕ್ಚರರ ಮಾತುಗಳನ್ನೇ ಹೇಳುತ್ತಿದ್ದೆ. ಮೂರನೆಯ ಭಾನುವಾರದ ಹೊತ್ತಿಗೆ ಅವುಗಳಲ್ಲಿದ್ದ 'ಬಹುಶಃ' ಎಲ್ಲೋ ಬಿದ್ದುಹೋಗಿತ್ತು. ನವಾಬರು ಖುದ್ದಾಗಿ ಬಂದು ಕೂರುತ್ತಿದ್ದ ಜಾಗವನ್ನೂ ತೋರಿಸತೊಡಗಿದ್ದೆ. ಅತ್ತೆ ಒಮ್ಮೆ, "ನವಾಬ ಕುಂತಿದ್ದ ಜಾಗಾ ಗೊತ್ತಾತು. ನಾ ಎಲ್ಲಿ ಕುಂಡ್ರಲಿ, ಅದೂ ಹೇಳವಾ ನಿರ್ಮಲಾ," ಎಂದರು. ಬಂದವರು ನಕ್ಕರು. ನಾನೂ ನಕ್ಕೆ.

ಐದನೆಯ ಭಾನುವಾರ ಔರಾದಿನಿಂದ ಒಂದು ಕುಟುಂಬ ಬಂದಿತ್ತು. ಜಿಟಿಜಿಟಿ ಮಳೆ. ನಾನು ಬಲಗೈ ಎತ್ತಿ ಕಮಾನಿನ ನಡುಗಲ್ಲು ತೋರಿಸುತ್ತಿದ್ದೆ. ಬಾಗಿಲಾಚೆ ಅತ್ತೆ ಅಂಗಳ ದಾಟುತ್ತಿರುವುದು ಕಾಣುತ್ತಿತ್ತು. ಎರಡನೆಯ ಮೆಟ್ಟಿಲಿನ ಮೇಲೆ ಮೊದಲು ಕೋಲಿನ ತುದಿ ಜಾರಿತು. ಆಮೇಲೆ ಎಡಗಾಲಿನ ಚಪ್ಪಲಿ. ಅವರು ಗೋಡೆಗೆ ಕೈ ಚಾಚಿದರು, ಗೋಡೆ ಒಂದು ಗೇಣು ದೂರವಿತ್ತು. ಅವರು ಕೂಗಲಿಲ್ಲ. ಅವರು ಬಿದ್ದ ಮೇಲೂ ನನ್ನ ಬಲಗೈ ಮೇಲೆಯೇ ಇತ್ತು. ಮೊದಲು ಓಡಿದವರು ಔರಾದಿನ ಆ ತಾಯಿ, ಎರಡನೆಯವರು ಅವರ ಗಂಡ. ವೃತ್ತಿಯಿಂದ ನರ್ಸ್ ಆದ ನಾನು ಮೂರನೆಯವಳು.

ಎಲುಬು ಮುರಿದಿರಲಿಲ್ಲ, ಎಕ್ಸ್‌ರೇ ತೆಗೆಸಿದೆ, ಎರಡು ಸಲ ಬೆಳಕಿಗೆ ಹಿಡಿದು ನೋಡಿದೆ. ಎಡ ಮುಂಗೈ ಊದಿತ್ತು. ಬ್ಯಾಂಡೇಜ್ ಸುತ್ತುವಾಗ ಎರಡು ಸಲ ಸುತ್ತು ತಪ್ಪಿ, ಬಿಚ್ಚಿ ಮತ್ತೆ ಸುತ್ತಿದೆ. ಅತ್ತೆ ಅದನ್ನೇ ನೋಡುತ್ತಾ, "ನಾ ಬೀಳೂದು ನಿನಗ ಕಾಣ್ಲಿಲ್ಲೇನು?" ಎಂದು ಕೇಳಿದರು.

"ಕಾಣಿಸ್ತ್ರಿ ಅತ್ತಿ."

"ಮತ್ತ ಕೈ ಮ್ಯಾಲ ಹಿಡಕೊಂಡು ಯಾಕ ನಿಂತಿದ್ದಿ? ಬಿಟ್ರ ಕಮಾನ ಬೀಳ್ತಿತ್ತೇನು?"

ಮರುದಿನ ವೀರಪ್ಪನಿಗೆ ಫೋನ್ ಮಾಡಿ, ಕಮಾನು ಹೋದರೆ ಹೋಗಲಿ, ಬಾ ಎಂದೆ. ಅವನು ಬಂದು ಕೆಳಗಿನ ಗೋಡೆಯ ಗಿಲಾವನ್ನು ಒಂದಿಷ್ಟು ಕೆರೆದು ತೋರಿಸಿದ. ಒಳಗಿದ್ದದ್ದು ಸಾದಾ ಇಟ್ಟಂಗಿ, ಮಾವ ಕಟ್ಟಿಸಿದ ಗೋಡೆ. "ಇದು ಒಡದ್ರ ಕಮಾನಕ ಏನೂ ಆಗಲ್ರಿ ಅಕ್ಕೋರ. ಅವತ್ತೇ ಹೇಳ್ಲತ್ತಿದ್ದೆ. ಸರ್ ಹೇಳ್ಲತ್ತಿದ್ರು, ನೀವು ಅವರದೇ ಕೇಳ್ಲತ್ತಿದ್ರಿ." ನಾಲ್ಕೇ ದಿನದಲ್ಲಿ ಗೋಡೆ ಹೋಗಿ ಕಮೋಡ್ ಬಂತು, ಹಿಡಿದು ಏಳಲು ಒಂದು ಸ್ಟೀಲ್ ಸರಳೂ ಬಂತು. ಕಮಾನು ಇದ್ದ ಹಾಗೇ ಇದೆ. ಅತ್ತೆಗೆ ಈಗ ಆರು ಹೆಜ್ಜೆ.

ಜನ ಬರುವುದು ನಿಂತಿಲ್ಲ. ಈಗ ತೋರಿಸುವ ಕೆಲಸವನ್ನು ಅತ್ತೆಯೇ ವಹಿಸಿಕೊಂಡಿದ್ದಾರೆ. ಅವರು ನವಾಬರ ವಿಷಯಕ್ಕೆ ಹೋಗುವುದಿಲ್ಲ. ಸೀದಾ ಬಾಗಿಲು ತೆಗೆದು, ಫ್ಲಶ್ ಒತ್ತಿ ತೋರಿಸುತ್ತಾರೆ. ಹೋದ ವಾರ ಬಂದಿದ್ದ ಹೆಂಗಸೊಬ್ಬಳು ಅದನ್ನೆಲ್ಲ ನೋಡಿ ನನ್ನ ಕೈ ಹಿಡಿದು, "ಅತ್ತಿಗಂತ ಇಷ್ಟು ಮಾಡ್ಸೀರಿ! ಸೊಸಿ ಅಂದ್ರ ಹಿಂಗಿರಬೇಕು ನೋಡ್ರಿ," ಎಂದಳು. ಅತ್ತೆ ಮುಂಗೈಯನ್ನು ಮೆಲ್ಲಗೆ ತಿಕ್ಕಿಕೊಳ್ಳುತ್ತಾ ನನ್ನ ಬಾಯಿಯನ್ನೇ ನೋಡಿದರು. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ.

"ಚಾ ಕುಡದೇ ಹೋಗಬೇಕ್ರಿ," ಎಂದೆ.