ಹಾಳಾದ ಹುಡುಗರು ಗೆದ್ದೇಬಿಟ್ಟರೆ?

ತಪ್ಪೆಲ್ಲ ಡೆಲ್ಮರ್ ನೈಗಾರ್ಡನದೇ. ಜನವರಿಯಲ್ಲಿ ಹೆಂಡತಿ ಲವಾನ್ ಕ್ಯಾಲೆಂಡರ್ ಹಿಡಿದು ಬಂದು, "ಕ್ರಿಸ್ಟಾ ಮದುವೆ ಮೇ ಎರಡನೇ ಶನಿವಾರ ಇಡೋಣ ಅಂತ. ಅವತ್ತೇ ಅಲ್ವಾ ನಿಮ್ಮ ಲೀಗ್ ಫೈನಲ್?" ಎಂದು ಕೇಳಿದ್ದಳು.

"ಇದ್ರೆ ಇರ್ಲಿ ಬಿಡೆ. ಆಡೋರು ಆಡ್ಕೋತಾರೆ. ನಮಗೂ ಫೈನಲ್‌ಗೂ ಏನು ಸಂಬಂಧ?" ಎಂದು ಅವನು ನಕ್ಕಿದ್ದ.

ನಗುವುದಕ್ಕೆ ಕಾರಣವಿತ್ತು. ಅಯೋವಾದ ಪುಟ್ಟ ಹಾಲ್ವರ್ ಕಾಲೇಜಿಗೆ ಅವನು ಇಪ್ಪತ್ತೆಂಟು ವರ್ಷದಿಂದ ಬೇಸ್‌ಬಾಲ್ ಕೋಚ್. ಕೋಚ್ ಅನ್ನುವುದು ಹೆಸರಿಗೆ. ಮೈದಾನದ ಹುಲ್ಲು ಕತ್ತರಿಸುವವನೂ ಅವನೇ, ಸುಣ್ಣದ ಗೆರೆ ಎಳೆಯುವವನೂ ಅವನೇ, ವ್ಯಾನು ಓಡಿಸುವವನೂ, ಹುಡುಗರ ಬೆವರು ಬಟ್ಟೆ ಒಗೆಯುವವನೂ ಅವನೇ. ಇಷ್ಟೆಲ್ಲ ಮಾಡಿದರೂ ತಂಡ ಫೈನಲ್ಲಿನ ಮುಖ ನೋಡಿರಲಿಲ್ಲ. ಆದರೂ ಪುಣ್ಯಾತ್ಮ ಒಂದೇ ಒಂದು ಪಂದ್ಯ ತಪ್ಪಿಸಿದವನಲ್ಲ. ತಪ್ಪಿಸಿದ್ದೆಲ್ಲ ಮಗಳದ್ದು. ಕ್ರಿಸ್ಟಾ ಹುಟ್ಟಿದಾಗ ಅವನು ನೆಬ್ರಾಸ್ಕಾದಲ್ಲಿ ಸೋಲುತ್ತಿದ್ದ. ಅವಳು ಹೈಸ್ಕೂಲು ಮುಗಿಸಿ ಟೋಪಿ ಹಾರಿಸಿದಾಗ ಇಲಿನಾಯ್‌ನಲ್ಲಿ ಸೋಲುತ್ತಿದ್ದ.

"ಮದುವೆ ದಿನ ಮಾತ್ರ ನಿನ್ನ ಕೈ ಹಿಡಿದು ಚರ್ಚಿನೊಳಗೆ ಕರ್ಕೊಂಡು ಹೋಗೋನು ನಾನೇ ಕಣೇ. ಭೂಮಿ ಬಾಯಿ ಬಿಟ್ರೂ ತಪ್ಪಿಸಲ್ಲ," ಎಂದು ಮಗಳಿಗೆ ಮಾತು ಕೊಟ್ಟಿದ್ದ.

ಈ ವರ್ಷ ಹುಡುಗರಿಗೆ ಅದ್ಯಾವ ಗಾಳಿ ಹೊಕ್ಕಿತೋ, ಸೆಮಿಫೈನಲ್‌ಗೆ ಬಂದುಬಿಟ್ಟರು. ಗುರುವಾರ ಊರಲ್ಲೇ ಪಂದ್ಯ. ಗೆದ್ದರೆ ಶನಿವಾರ ಮಧ್ಯಾಹ್ನ ದೂರದ ಡೆಮಾಯ್ನ್‌ನಲ್ಲಿ ಫೈನಲ್. ಅದೇ ಹೊತ್ತಿಗೆ ಇಲ್ಲಿ ಮದುವೆ.

"ಸೋಲ್ತಾರೆ, ನೀನು ತಲೆ ಕೆಡಿಸ್ಕೋಬೇಡ," ಎಂದು ಲವಾನ್‌ಗೆ ಧೈರ್ಯ ಹೇಳಿ ಡೆಲ್ಮರ್ ಮೈದಾನಕ್ಕೆ ಬಂದ. ಅಂದು ಮುಖ್ಯ ಪಿಚರ್‌ಗೆ ಜ್ವರ. ಚೆಂಡು ಎಸೆಯುವ ಕೆಲಸ ಎಲೈ ಬ್ರಾಂಟ್ ಎಂಬ ಬಡಕಲು ಹುಡುಗನ ಪಾಲಿಗೆ ಬಂದಿತ್ತು. ಎಲೈ ಎಸೆದ ಚೆಂಡು ಸಾಮಾನ್ಯವಾಗಿ ಬೇಲಿಗೆ ಹೋಗಿ ತಾಗುತ್ತಿತ್ತು. ಡೆಲ್ಮರನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಎರಡನೇ ಸರದಿ ನಡೆಯುವಾಗ ಕ್ರಿಸ್ಟಾ ಮದುವೆಗೆ ಹೊಲಿಸಿದ ಕರಿ ಕೋಟು ಹಿಡಿದು ಬೇಲಿ ಹತ್ತಿರ ಬಂದಳು.

"ಅಪ್ಪಾ, ಒಂದ್ಸಲ ಹಾಕ್ಕೊಂಡು ತೋರ್ಸು. ತೋಳು ಎಷ್ಟು ಮಡಚ್ಬೇಕು ಅಂತ ದರ್ಜಿ ಕೇಳ್ತಿದ್ದಾಳೆ. ಹುಷಾರು, ಗುಂಡುಸೂಜಿ ಇವೆ."

ಅವನು ಕೋಟಿನೊಳಗೆ ಕೈ ತೂರಿಸಿದ. ಅದೇ ಗಳಿಗೆಯಲ್ಲಿ ಎಲೈ ಮೂವರು ಬ್ಯಾಟುಗಾರರನ್ನು ಸಾಲಾಗಿ ಔಟ್ ಮಾಡಿ ಕಳಿಸಿದ. ಡೆಲ್ಮರ್ ಕೋಟು ತೆಗೆಯಲು ಹೋದ.

"ಕೋಚ್! ತೆಗೀಬೇಡಿ!" ಇಡೀ ತಂಡ ಕಿರುಚಿತು.

ಆಟ ಕೈಹಿಡಿದಾಗ ಏನನ್ನೂ ಬದಲಿಸುವಂತಿಲ್ಲ. ಕೂತವನು ಕೂತೇ ಇರಬೇಕು. ಈ ಕಟ್ಟಳೆಯನ್ನು ಹುಡುಗರಿಗೆ ಕಲಿಸಿದವನು ಸ್ವತಃ ಡೆಲ್ಮರನೇ. ಕ್ರಿಸ್ಟಾ ಬಿದ್ದು ಬಿದ್ದು ನಕ್ಕು, ಕೋಟು ಅಲ್ಲೇ ಬಿಟ್ಟು ಮನೆಗೆ ಹೋದಳು.

ಬೇಲಿಯಾಚೆಯಿಂದ ಕ್ಷೌರದಂಗಡಿ ಗಸ್ ಗದರಿದ: "ಲೋ ಡೆಲ್, ಆ ಕೋಟಿನ ಗುಂಡಿ ಮುಟ್ಟಿದ್ರೆ ನೋಡು! ನಿನ್ನ ತಲೆ ಇನ್ನು ಜನ್ಮದಲ್ಲಿ ಮುಟ್ಟಲ್ಲ ನಾನು."

ಉರಿಬಿಸಿಲು, ಕರಿ ಕೋಟು, ಕೈ ಎತ್ತಿದರೆ ಕಂಕುಳಲ್ಲಿ ಸೂಜಿ. ಡೆಲ್ಮರ್ ಅಯ್ಯೋ ಎಂದು ಕೈ ಎತ್ತಿದ್ದನ್ನೇ ಓಡು ಅನ್ನುವ ಸನ್ನೆ ಅಂದುಕೊಂಡು ಹುಡುಗನೊಬ್ಬ ಓಡಿ, ಓಟವನ್ನೂ ಗಳಿಸಿಬಿಟ್ಟ. ಹಾಲ್ವರ್ ಒಂದು, ಎದುರಾಳಿ ಸೊನ್ನೆ.

ಆರನೇ ಸರದಿಯ ಹೊತ್ತಿಗೆ ಮೈದಾನದಲ್ಲಿ ಮಾತೇ ನಿಂತುಹೋಯಿತು. ಎಲೈ ಅಲ್ಲಿಯವರೆಗೆ ಎದುರಾಳಿಗಳಿಗೆ ಒಂದೇ ಒಂದು ಹಿಟ್ ಕೊಟ್ಟಿರಲಿಲ್ಲ, ಅಂದರೆ ಅವನ ಚೆಂಡಿಗೆ ಹೊಡೆದು ಯಾರೂ ಬೇಸ್ ಮುಟ್ಟಿರಲಿಲ್ಲ. ಆಟ ಮುಗಿಯುವ ತನಕ ಹಾಗೇ ನಡೆದರೆ ಅದು ಜನ್ಮಕ್ಕೊಮ್ಮೆ ಆಗುವ ಸಾಧನೆ. ಆದರೆ ಅದು ನಡೆಯುತ್ತಿರುವಾಗ ಯಾರೂ ಅದರ ಮಾತೆತ್ತಬಾರದು. ಎತ್ತಿದರೆ ಎಲ್ಲ ಕೆಟ್ಟಿತು ಅಂತಲೇ ಲೆಕ್ಕ. ಪಿಚರ್ ಪಕ್ಕ ಯಾರೂ ಕೂರುವುದೂ ಇಲ್ಲ. ಪಾಪ ಎಲೈ ಬೆಂಚಿನ ತುದಿಯಲ್ಲಿ ಸೂತಕದವನ ಹಾಗೆ ಒಬ್ಬನೇ ಕೂತಿದ್ದ.

ಇದೊಂದೂ ತಿಳಿಯದ ಪ್ರಿನ್ಸಿಪಾಲರು ಬೇಲಿಗೆ ಬಂದು, "ಏನ್ರೀ ಡೆಲ್ಮರ್, ಆ ಹುಡುಗ ಇವತ್ತು ಒಬ್ಬರಿಗೂ ಹಿ..." ಅನ್ನುವಷ್ಟರಲ್ಲಿ ಗಸ್ ತನ್ನ ಕೈಲಿದ್ದ ಹಾಟ್‌ಡಾಗನ್ನು ಅವರ ಬಾಯಿಗೆ ತುರುಕಿದ. ಪ್ರಿನ್ಸಿಪಾಲರು ಅಗಿಯುತ್ತ ಹಿಂದೆ ಸರಿದರು.

ಒಂಬತ್ತನೇ ಸರದಿ, ಅದೇ ಕೊನೆಯದು. ಎದುರಾಳಿಯ ಇಬ್ಬರು ಔಟ್. ಎಲೈ ಸುಸ್ತಾಗಿ ಒಬ್ಬನಿಗೆ ನಾಲ್ಕು ಕೆಟ್ಟ ಎಸೆತ ಹಾಕಿ ಪುಕ್ಕಟೆ ಮೊದಲ ಬೇಸ್‌ಗೆ ಕಳಿಸಿದ್ದ. ಇನ್ನೊಬ್ಬ ಔಟಾದರೆ ಮುಗಿಯಿತು, ಫೈನಲ್. ಇಪ್ಪತ್ತೆಂಟು ವರ್ಷ ದೇವರಲ್ಲಿ ಬೇಡಿದ್ದು ಕಣ್ಣೆದುರಿಗೇ ಬಂದು ನಿಂತಿತ್ತು. ಡೆಲ್ಮರನಿಗೆ ಮಾತ್ರ ಕಣ್ಣಿಗೆ ಕಂಡಿದ್ದು ಚರ್ಚಿನ ಬಾಗಿಲಲ್ಲಿ ಬಿಳಿ ಗೌನು ತೊಟ್ಟು ಒಬ್ಬಳೇ ನಿಂತ ಕ್ರಿಸ್ಟಾ. ಫೈನಲ್ ಬಂದರೆ ಹುಡುಗರನ್ನು ಬಿಟ್ಟು ನಿಲ್ಲುವ ಗಂಡೆದೆ ತನಗಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಎದ್ದ. ಕೋಟಿನಲ್ಲೇ ಮೈದಾನದ ನಡುವೆ ನಡೆದ. ಒಂದು ಮಾತು ಆಡುವುದು ಮೋಸವೇನಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

"ಎಲೈ," ಎಂದ, "ನೀನು ಇವತ್ತು ಒಂದೂ ಹಿಟ್ ಕೊಟ್ಟಿಲ್ಲ, ಗೊತ್ತಾ ಮರಿ?"

ಹುಡುಗನ ಕಣ್ಣು ಅಗಲವಾಯಿತು. ಡೆಲ್ಮರ್ ತಿರುಗಿ ನೋಡದೆ ಬಂದುಬಿಟ್ಟ.

ಮುಂದಿನ ಎಸೆತವನ್ನು ಬ್ಯಾಟುಗಾರ ಬೇಲಿಯಾಚೆಯ ಜೋಳದ ಹೊಲಕ್ಕೆ ಅಟ್ಟಿದ. ಎರಡು ಓಟ. ಹಾಲ್ವರ್ ಹುಡುಗರು ಕೊನೆಯ ಸರದಿಯಲ್ಲಿ ಹೋದ ದಾರಿಯಲ್ಲೇ ವಾಪಸು ಬಂದರು. ಸೋಲು. ಗಸ್ ಟೋಪಿ ತೆಗೆದು ಕಣ್ಣೊರೆಸಿಕೊಂಡ. ಎಲೈಯ ಮುಖ ನೋಡಲಾರದೆ ಡೆಲ್ಮರ್ ಕಾರು ಹತ್ತಿದ. ಆದರೂ ಇದೊಂದು ಸಲ ಮಗಳಿಗಾಗಿ ಸೋತೆನಲ್ಲ ಎಂಬ ನೆಮ್ಮದಿಯೂ ಇತ್ತು.

ಮನೆಯಲ್ಲಿ ಲವಾನ್ ಫೋನು ಕೆಳಗಿಟ್ಟು ಅಳುತ್ತಿದ್ದಳು. ಕ್ರಿಸ್ಟಾಳೂ ಅಳುತ್ತಿದ್ದಳು.

"ಅಯ್ಯೋ, ಯಾಕ್ರೇ ಅಳ್ತೀರಿ? ಸೋತ್ವಿ! ಶನಿವಾರ ಮದುವೆ ಆರಾಮಾಗಿ ನಡೆಯುತ್ತೆ!"

"ಎಲ್ಲಿ ಮದುವೆ ಅಪ್ಪಾ?" ಎಂದಳು ಕ್ರಿಸ್ಟಾ. "ಕಾಲೇಜು ರೇಡಿಯೋದಲ್ಲಿ ಆಟ ಕೇಳ್ತಾ ಇದ್ವಿ. ಆರನೇ ಸರದೀಲಿ ವರದಿ ಹೇಳೋನು ಹವಾಮಾನದ ವಿಷ್ಯ ಮಾತಾಡೋಕೆ ಶುರು ಮಾಡ್ದ. ಅಮ್ಮಂಗೆ ತಕ್ಷಣ ಗೊತ್ತಾಗೋಯ್ತು, ಆಡಬಾರದ ಮಾತು ತಪ್ಪಿಸ್ತಿದ್ದಾನೆ, ಒಂದೂ ಹಿಟ್ ಆಗಿಲ್ಲ, ನೀವು ಗೆಲ್ತೀರಿ ಅಂತ."

"ನಾನೇನು ನಿನ್ನೆ ಮೊನ್ನೆ ಕೋಚ್ ಹೆಂಡತಿ ಆದೋಳಾ?" ಎಂದಳು ಲವಾನ್ ಮೂಗು ಸೀಟುತ್ತ. "ಅಪ್ಪ ಇಷ್ಟು ವರ್ಷ ಕಾದವನು, ಈಗ ಗೆಲ್ಲೋ ಹೊತ್ತಲ್ಲಿ ನನ್ನ ಮದುವೆ ಅಡ್ಡ ಬರಬಾರ್ದು ಅಂತ ಇವಳೇ ಹಟ ಹಿಡಿದ್ಲು. ಎಲ್ಲರಿಗೂ ಫೋನ್ ಮಾಡಿ ಮದುವೆ ಮುಂದಕ್ಕೆ ಹಾಕಿದ್ವಿ."

ಡೆಲ್ಮರ್ ಸೋಫಾಕ್ಕೆ ಕುಸಿದ. ಕೂತ ಕೂಡಲೇ ಸೂಜಿ ಚುಚ್ಚಿ ಎದ್ದ. "ಹಾಗಾದ್ರೆ ವಾಪಸ್ ಶನಿವಾರಕ್ಕೇ ಹಾಕಿ!"

"ಹೇಗೆ ಹಾಕೋದು? ಪಾದ್ರಿ ಆ ಹೊತ್ತನ್ನ ಆಗ್ಲೇ ಬೇರೆಯವರಿಗೆ ಕೊಟ್ಟಾಯ್ತು. ಬೇಸಿಗೆಯೆಲ್ಲ ಚರ್ಚು ಭರ್ತಿ. ಆಮೇಲೆ ಹುಡುಗನ ಕಡೆಯೋರಿಗೆ ಜೋಳದ ಕೊಯ್ಲು. ಚಳಿಗಾಲದಲ್ಲಿ ಅವರಜ್ಜಿ ಮನೆ ಬಿಟ್ಟು ಹೊರಗೆ ಬರಲ್ಲ. ಮುಂದಿನ ವರ್ಷವೇ ಗತಿ."

"ಮುಂದಿನ ವರ್ಷ ಯಾವಾಗ?"

ಲವಾನ್ ಬಾಯಿ ತೆರೆಯುವ ಮೊದಲೇ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಇಡೀ ತಂಡ. ಮುಂದೆ ಎಲೈ, ಅತ್ತು ಕೆಂಪಾದ ಮುಖ.

"ಕೋಚ್, ಮಧ್ಯಾಹ್ನ ಪೂರ್ತಿ ನನ್ನ ಜೊತೆ ಒಬ್ರೂ ಮಾತಾಡ್ಲಿಲ್ಲ. ನೀವೊಬ್ರೇ ಬಂದು ನಿಜ ಹೇಳಿದ್ದು. ಅಷ್ಟು ನಂಬಿಕೆ ಇಟ್ರಿ, ನಾನೇ ಕೆಡಿಸ್ದೆ." ಹುಡುಗ ಡೆಲ್ಮರನನ್ನು ತಬ್ಬಿಕೊಂಡ. "ನಾವ್ಯಾರೂ ಕಾಲೇಜು ಬಿಡಲ್ಲ, ಎಲ್ಲಾ ವಾಪಸ್ ಬರ್ತೀವಿ. ಮುಂದಿನ ಮೇನಲ್ಲಿ ನಿಮಗೆ ಫೈನಲ್ ಆಡಿಸ್ದೆ ಬಿಡಲ್ಲ, ಆಣೆ!"

"ಆಣೆ!" ಎಂದಿತು ತಂಡ.

ಡೆಲ್ಮರ್ ಹುಡುಗನ ಭುಜದ ಮೇಲಿಂದ ಹೆಂಡತಿಯ ಮುಖ ನೋಡಿದ. ಲವಾನ್ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು: "ಹೂಂ ಕಣೋ. ಮೇ ಎರಡನೇ ಶನಿವಾರವೇ."