ದಳವಾಯಿಯನ್ನು ಕೊಂದವಳ ಪಾಡು

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದ್ದು ಹೇಳಲು ಸುಲಭ. ಹಲ್ಲಿ, ಲಿಫ್ಟು, ಅಪರಿಚಿತ ನಂಬರಿನಿಂದ ಬರುವ ಫೋನು, ಮೇಲಧಿಕಾರಿ ಬಾಗಿಲಲ್ಲಿ ತಲೆ ಹಾಕಿ "ಒಂದು ನಿಮಿಷ ಬಂದು ಹೋಗಿ" ಅನ್ನುವುದು, ಇವೆಲ್ಲಕ್ಕೂ ನನ್ನ ಎದೆ ಒಂದೇ ತೆರನಾಗಿ ಹೊಡೆದುಕೊಳ್ಳುತ್ತದೆ. ಇಂಥವಳು ಕತ್ತಿ, ರಕ್ತ, ಮಾಯಾವಿಗಳು ತುಂಬಿದ ಮೂರು ಸಂಪುಟಗಳ ಕಾದಂಬರಿ ಬರೆದಳು ಎಂದರೆ ನಮ್ಮ ಮನೆಯವರೇ ಇನ್ನೂ ಪೂರ್ತಿ ನಂಬಿಲ್ಲ. "ಜಿರಲೆ ಕಂಡರೆ ಮಂಚ ಹತ್ತೋಳು, ಆರು ಸಾವಿರ ಸೈನಿಕರನ್ನ ಹೊಳೆ ದಾಟಿಸಿದ್ದಾಳೆ ನೋಡಿ" ಎಂದು ಬಂದವರಿಗೆಲ್ಲ ಕಾಫಿಯ ಜೊತೆಗೆ ಈ ಮಾತನ್ನೂ ಕೊಡುತ್ತಾರೆ.

ದೆಹಲಿಯ ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಮನೆಯ ಅಡುಗೆಮನೆಯ ಪಕ್ಕದ ಮೇಜಿನ ಮುಂದೆ ಹನ್ನೊಂದು ವರ್ಷ ಕೂತು ಬರೆದೆ. ಹಾಲನ್ನು ಒಲೆಯ ಮೇಲಿಟ್ಟು "ಒಂದೇ ಒಂದು ಸಾಲು" ಎಂದುಕೊಂಡು ಕೂರುವುದು, ಸಾಲು ಪುಟವಾಗುವುದು, ಪಾತ್ರೆ ಕಪ್ಪಾಗುವುದು, ಹೀಗೆ ನಡೆಯಿತು ನನ್ನ ಸಾಹಿತ್ಯಸೇವೆ. ಕಥೆಯಲ್ಲಿ ಏಳು ಹೊಳೆಗಳ ಒಂದು ಸೀಮೆ; ಅದನ್ನು ನುಂಗಲು ಬರುವವನು ಹೊಗೆಯರಸ. ಚಳಿಗಾಲದ ಬೆಳಿಗ್ಗೆ ದೆಹಲಿಯಲ್ಲಿ ಕಿಟಕಿ ತೆರೆದವರಿಗೆ ಅವನನ್ನು ಕಲ್ಪಿಸಿಕೊಳ್ಳಲು ದೊಡ್ಡ ಪ್ರತಿಭೆಯೇನೂ ಬೇಕಿಲ್ಲ. ಅವನನ್ನು ತಡೆಯುವವನು ಮುದಿ ದಳವಾಯಿ ಮಾಚಯ್ಯ. ಗಿರಿಜಾ ಮೀಸೆ, ಎಡಗಾಲು ಸ್ವಲ್ಪ ಕುಂಟು, ಮಾತು ಒರಟು, ಜೇಬಿನಲ್ಲಿ ಸದಾ ಹುರಿಗಡಲೆ. ಮೊದಲ ಎರಡು ಸಂಪುಟಗಳಲ್ಲಿ ಓದುಗರು ಅವನನ್ನು ಮನೆಯ ಹಿರಿಯನ ಹಾಗೆ ಪ್ರೀತಿಸಿದರು. ಮೂರನೆಯದರಲ್ಲಿ, ಮುನ್ನೂರ ಎಂಬತ್ತೆಂಟನೇ ಪುಟದಲ್ಲಿ, ನಾನು ಅವನನ್ನು ಕೊಂದೆ.

ಕೊಂದದ್ದಕ್ಕೆ ಶಿಕ್ಷೆ ಹೇಗೆ ಬಂತು ಎಂದು ತಿಳಿಯಬೇಕಾದರೆ ನಾನೇ ಮಾಡಿಕೊಂಡ ಒಂದು ಎಡವಟ್ಟನ್ನು ಹೇಳಬೇಕು. ನಾನು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಕಡತಕ್ಕೆ ಎಡಬದಿಯಲ್ಲಿ ನೋಟ್ ಶೀಟ್ ಇರುತ್ತದೆ; ಕೆಳಗಿನವರಿಂದ ಮೇಲಿನವರವರೆಗೆ ಪ್ರತಿಯೊಬ್ಬರೂ ಅದರಲ್ಲಿ ತಮ್ಮ ಅಭಿಪ್ರಾಯ ಬರೆದು ಸಹಿ ಹಾಕಿ ಮುಂದೆ ದಾಟಿಸುತ್ತಾರೆ. ಇಲ್ಲಿನ ಕನ್ನಡಿಗರಲ್ಲಿ ನನ್ನ ಪುಸ್ತಕ ಕೊಳ್ಳುವವರಿಗಿಂತ ಎರವಲು ಪಡೆಯುವವರೇ ಹೆಚ್ಚು. ಊರಿನಿಂದ ರೈಲಿನಲ್ಲಿ ಯಾರದೋ ಲಗೇಜಿನಲ್ಲಿ ಕಾಫಿಪುಡಿ, ಬ್ಯಾಡಗಿ ಮೆಣಸಿನಕಾಯಿಯ ಜೊತೆ ಬಂದ ಹತ್ತು ಪ್ರತಿಗಳು ಮನೆಯಿಂದ ಮನೆಗೆ ತಿರುಗುತ್ತವೆ. ಹೇಗೂ ತಿರುಗುತ್ತವಲ್ಲ, ಪ್ರತಿಯೊಂದರ ಕೊನೆಗೆ ಒಂದು ನೋಟ್ ಶೀಟ್ ಅಂಟಿಸಿದರೆ ಓದುಗರ ಅನಿಸಿಕೆ ಸಿಗುತ್ತದೆ ಎಂದು ನನಗೆ ಹೊಳೆಯಿತು. ಮೊದಲ ಎರಡು ಭಾಗಗಳಿಗೆ ಹೊಗಳಿಕೆಯೇ ಬಂದದ್ದರಿಂದ ಈ ಏರ್ಪಾಡು ನನಗೆ ಬಹಳ ಹಿಡಿಸಿತ್ತು.

ನಮ್ಮ ಓದುಗರಲ್ಲಿ ಮುಕ್ಕಾಲು ಪಾಲು ಸರ್ಕಾರಿ ನೌಕರರು ಎಂಬುದನ್ನು ಮರೆತಿದ್ದೆ. ಮೂರನೇ ಭಾಗದ ಮೊದಲ ಪ್ರತಿ ವಾಪಸ್ಸು ಬಂದಾಗ ನೋಟ್ ಶೀಟಿನಲ್ಲಿ ಹೀಗಿತ್ತು: "ಓದಿದೆ. ದಳವಾಯಿಯನ್ನು ಕೊಲ್ಲಲು ಸಮರ್ಪಕ ಕಾರಣ ಕಂಡುಬರುತ್ತಿಲ್ಲ. ಲೇಖಕಿ ದಯವಿಟ್ಟು ಬಂದು ಚರ್ಚಿಸಲಿ." ಅದರ ಕೆಳಗೆ, "ಮೇಲಿನ ಅಭಿಪ್ರಾಯಕ್ಕೆ ನನ್ನ ಸಹಮತವಿದೆ." ಅದರ ಕೆಳಗೆ, "ದಳವಾಯಿಗೆ ಬದಲಾಗಿ ಯುವರಾಜನನ್ನು ಕೊಲ್ಲಬಹುದಿತ್ತೇ? ಪರಿಶೀಲಿಸಿ." ಅದಕ್ಕೂ ಕೆಳಗೆ ಕೆಂಪು ಶಾಯಿಯಲ್ಲಿ, ಸಹಿಯಿಲ್ಲದೆ, ಒಂದೇ ಪದ: "ಪಾಪಿ." ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಕಡತದಲ್ಲೂ ನಾನು ಇಂಥ ಟಿಪ್ಪಣಿ ನೋಡಿರಲಿಲ್ಲ.

ಆಮೇಲೆ ಹೊರಗೆ ಹೋಗುವುದೇ ಕಷ್ಟವಾಯಿತು. ತರಕಾರಿ ಗಾಡಿಯ ಹತ್ತಿರ ನಿಂತಿದ್ದಾಗ ಹಿಂದಿನ ಬ್ಲಾಕಿನ ಸರೋಜಮ್ಮ ಬದನೆಕಾಯಿ ಕೈಯಲ್ಲಿ ಹಿಡಿದೇ ಕೇಳಿದರು: "ಅಲ್ರೀ ವತ್ಸಲಾ, ನಿಮಗೆ ಕೈಯಾದ್ರೂ ಹೇಗೆ ಬಂತು? ಆ ಮುದುಕ ಏನು ಮಾಡಿದ್ದ ನಿಮಗೆ?" ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಗಾಡಿಯ ಭಯ್ಯಾ ಗಾಬರಿಯಾಗಿ "ಕ್ಯಾ ಹುವಾ ಆಂಟೀಜಿ?" ಅಂದ. ಸರೋಜಮ್ಮ ನನ್ನ ಕಡೆ ಬದನೆಕಾಯಿ ತೋರಿಸಿ, "ಇನ್ಹೋನೇ ಏಕ್ ಬುಜುರ್ಗ್ ಕೋ ಮಾರ್ ಡಾಲಾ", ಒಬ್ಬ ಮುದುಕರನ್ನು ಕೊಂದುಹಾಕಿದರು, ಎಂದುಬಿಟ್ಟರು. "ಕಥೆಯಲ್ಲಿ" ಎಂದು ಸೇರಿಸುವ ಸೌಜನ್ಯವೂ ಇಲ್ಲ. ಅವತ್ತು ಭಯ್ಯಾ ನಾನು ಕೇಳುವ ಮೊದಲೇ ಕೊತ್ತಂಬರಿ ಸೊಪ್ಪನ್ನು ಪುಕ್ಕಟೆ ಹಾಕಿದ, ಹಸಿಮೆಣಸಿನಕಾಯಿಯನ್ನೂ ಹಾಕಿದ. ಹೌಜ್ ಖಾಸಿನ ಹಾಸ್ಟೆಲಿನಲ್ಲಿರುವ ನನ್ನ ಮಗಳಿಗೆ ಕನ್ನಡ ಓದಲು ಬರುವುದು ಅಷ್ಟಕ್ಕಷ್ಟೆ. ಅವರಪ್ಪ ಫೋನಿನಲ್ಲಿ ಓದಿ ಹೇಳುತ್ತಾರೆ. ಅವಳೂ "ಅಮ್ಮಾ, ದಿಸ್ ಈಸ್ ನಾಟ್ ಡನ್. ನಾನು ಈ ಸಂಡೇ ಮನೆಗೆ ಬರಲ್ಲ, ಬಸ್" ಎಂದು ಫೋನಿಟ್ಟಳು.

ಇವೆಲ್ಲ ನಡುಗಿಸುವಂಥವೇ. ಆದರೆ ನನ್ನ ನಿಜವಾದ ಭಯ ನೋಯ್ಡಾದಲ್ಲಿತ್ತು. ಅಲ್ಲಿ ಫೌಜಿನಿಂದ ನಿವೃತ್ತರಾದವರ ಕಾಲೋನಿಯೊಂದರಲ್ಲಿ ಕರ್ನಲ್ ಉತ್ತಯ್ಯ ಇದ್ದಾರೆ. ಕೊಡಗಿನವರು, ಎಂಬತ್ತರ ಹತ್ತಿರ. ಗಿರಿಜಾ ಮೀಸೆ, ಎಡಗಾಲು ಸ್ವಲ್ಪ ಕುಂಟು, ಜೇಬಿನಲ್ಲಿ ಹುರಿಗಡಲೆ. ನಿಮಗೆ ಅರ್ಥವಾಗಿರಬೇಕು. ಅವರಿಗೂ ಅರ್ಥವಾಗಿತ್ತು. ಎರಡನೇ ಭಾಗ ಮುಗಿಸಿ ನನ್ನ ಬೆನ್ನು ತಟ್ಟಿ, "ಮೂರನೇದ್ರಲ್ಲಿ ನನ್ನ ಎಲ್ಲಿಗೆ ಪೋಸ್ಟಿಂಗ್ ಮಾಡ್ತೀಯಮ್ಮ?" ಎಂದು ನಕ್ಕಿದ್ದರು. ಸೇತುವೆ ಬೀಳುವಾಗ ಯಾರಾದರೊಬ್ಬ ಹಿಂದೆ ನಿಲ್ಲಬೇಕಿತ್ತು, ಕಥೆ ಅವನನ್ನೇ ಕೇಳಿತು. ಬರೆಯುವಾಗ ನಾನು ಅತ್ತದ್ದು ಮಾಚಯ್ಯನಿಗಾಗಿ. ನೋಯ್ಡಾದಲ್ಲಿ ಅವನು ಉಸಿರಾಡುತ್ತ ಕೂತಿದ್ದಾನೆ ಎಂಬುದು ಆ ಹೊತ್ತಿಗೆ ತಲೆಗೇ ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವರ ಹೆಂಡತಿ ಬೊಳ್ಳಮ್ಮ ಆಂಟಿಯ ಫೋನು ಬಂತು. "ವತ್ಸಲಾ, ಗುರುವಾರ ಇವ್ರಿಗೆ ಹಾರ್ಟ್ ಆಪರೇಷನ್. ಮನಸ್ಸಿಗೆ ಆಘಾತ ಆಗೋದು ಏನೂ ಬೇಡ ಅಂದಿದ್ದಾರೆ ಡಾಕ್ಟ್ರು. ಇವ್ರು ನೋಡಿದ್ರೆ ನಿನ್ನ ಪುಸ್ತಕ ಹಿಡ್ಕೊಂಡು ಕೂತಿದ್ದಾರೆ. ಇದು ಬಗೆಹರೀದೆ ಆಸ್ಪತ್ರೆಗೆ ಬರಲ್ಲ ಅಂತಾರೆ. ಮಾತಿಲ್ಲ ಕತೆಯಿಲ್ಲ. ಬಿ.ಪಿ. ಏರ್ತಾ ಇದೆ."

"ಯಾವ ಪುಟದಲ್ಲಿದ್ದಾರೆ ಆಂಟಿ?"

"ಇನ್ನೂರ ಮೂವತ್ತರ ಹತ್ರ. ನಾಲ್ಕು ದಿನದಿಂದ ಅಲ್ಲೇ ಹಿಂದೆ ಮುಂದೆ ತಿರುಗಿಸ್ತಾ ಇದ್ದಾರೆ."

ಸದ್ಯ, ಇನ್ನೂ ನೂರೈವತ್ತು ಪುಟವಿದೆ ಎಂದು ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣವೇ ಮುಂದಿನದ್ದು ಹೊಳೆಯಿತು. ದುರ್ಬಲ ಹೃದಯದ ಮನುಷ್ಯ, ಆಪರೇಷನ್ನಿಗೆ ನಾಲ್ಕು ದಿನ ಮುಂಚೆ, ತನ್ನ ಸಾವನ್ನು ತಾನೇ ಓದುವುದು! ಅದೂ ನಾನೇ ಬರೆದದ್ದು. ಏನಾದರೂ ಹೆಚ್ಚುಕಡಿಮೆಯಾದರೆ ಸರೋಜಮ್ಮನ ಮಾತು ಅಕ್ಷರಶಃ ನಿಜವಾಗುತ್ತದೆ. ನಮ್ಮವರು "ಹೋಗಿ ಪುಸ್ತಕ ಕಿತ್ಕೊಂಡು ಬಾ" ಎಂದರು. ಕರ್ನಲ್ಲರ ಕೈಯಿಂದ ಏನನ್ನಾದರೂ ಕಿತ್ತುಕೊಳ್ಳುವ ಧೈರ್ಯ ಹೊಗೆಯರಸನಿಗೂ ಇರಲಿಲ್ಲ. ಗುಮಾಸ್ತಿಕೆಯ ಬುದ್ಧಿಗೆ ಹೊಳೆದದ್ದು ಗುಮಾಸ್ತಿಕೆಯ ಉಪಾಯವೇ: ಮುನ್ನೂರ ಎಂಬತ್ತೈದರಿಂದ ತೊಂಬತ್ತೈದರವರೆಗಿನ ಪುಟಗಳನ್ನು ಒಟ್ಟಿಗೆ ಸ್ಟೇಪಲ್ ಮಾಡಿಬಿಡುವುದು. ಕೇಳಿದರೆ ಪ್ರೆಸ್ಸಿನವರ ತಪ್ಪು ಎಂದರಾಯಿತು.

ದಪ್ಪ ಕಡತಗಳಿಗೆ ಬಳಸುವ ದೊಡ್ಡ ಸ್ಟೇಪ್ಲರನ್ನು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಮೆಟ್ರೋ ಹತ್ತಲು ಹೋದೆ. ತಪಾಸಣೆಯ ಹೆಣ್ಣುಮಗಳು ಪರದೆಯನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಪರದೆಯನ್ನು ನೋಡಿ "ಮೇಡಂ, ಯೇ ಕ್ಯಾ ಹೈ?" ಅಂದಳು. ನಾನು ಬೆವರುತ್ತ "ಸ್ಟೇಪ್ಲರ್... ಬೀಮಾರ್ ಕೋ ದೇಖ್‌ನೇ ಜಾ ರಹೀ ಹೂಂ" ಅಂದೆ. ರೋಗಿಯನ್ನು ನೋಡಲು ಹೋಗುವವರು ಸೇಬು ಒಯ್ಯುತ್ತಾರೆ. ಅವಳು ಒಂದು ಉಸಿರು ಬಿಟ್ಟು ಹೋಗಲು ಬಿಟ್ಟಳು.

ಕರ್ನಲ್ಲರು ಸೊರಗಿದ್ದರು. ಮೀಸೆ ಮಾತ್ರ ಹಾಗೇ ಇತ್ತು, ಅದರ ಹಿಂದಿನ ಮುಖ ಚಿಕ್ಕದಾಗಿತ್ತು. ನನ್ನನ್ನು ಕಂಡದ್ದೇ ಎದ್ದು ಒಳಗೆ ನಡೆದರು. ಕಾಲರಿಲ್ಲದ ಅಂಗಿಯಲ್ಲಿ ಅತಿಥಿಗಳೆದುರು ಕೂರುವವರಲ್ಲ ಅವರು. ಬೊಳ್ಳಮ್ಮ ಆಂಟಿ ಕಾಫಿಗೆ ಹೋದರು. ಟೀಪಾಯಿಯ ಮೇಲೆ ಪುಸ್ತಕ. ದೇವರೇ, ಕ್ಷಮಿಸು ಎಂದುಕೊಂಡು ಬ್ಯಾಗಿನಿಂದ ಸ್ಟೇಪ್ಲರ್ ತೆಗೆದು ಪುಟಗಳನ್ನು ಜೋಡಿಸಿದೆ. ಮುನ್ನೂರ ಎಂಬತ್ತೆಂಟನೇ ಪುಟ ಕಣ್ಣಿಗೆ ಬಿತ್ತು. ದಳವಾಯಿ ಬೀಳುವ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಸರಿ ಗುರುತು. ಅದರ ಕೆಳಗೆ ನೆಟ್ಟಗಿನ ಅಕ್ಷರ: "ಒಳ್ಳೆಯ ಸಾವು."

"ಏನಮ್ಮಾ ವತ್ಸಲಾ, ಕೈಯಲ್ಲಿ ಏನದು?"

ಬಾಗಿಲಲ್ಲಿ ಕರ್ನಲ್ಲರು ಇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದರು. ಸ್ಟೇಪ್ಲರ್ ನನ್ನ ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. ನೋವಿಗೋ ಹೆದರಿಕೆಗೋ ಗೊತ್ತಿಲ್ಲ, ಅಳುವೇ ಬಂದುಬಿಟ್ಟಿತು. "ಅಂಕಲ್, ನಾನು ಬೇಕಂತ ಮಾಡ್ಲಿಲ್ಲ. ನಿಮ್ಮನ್ನ... ಅವನನ್ನ..."

"ಅರೇ, ಅದಕ್ಕೆ ಯಾಕೆ ಅಳ್ತೀಯ? ಸೇತುವೆ ಮೇಲೆ ಕೊನೇಲಿ ಒಬ್ಬ ನಿಲ್ಲಲೇಬೇಕು. ನಿಲ್ಲೋನು ಮುದುಕ ಆಗಿರ್ಬೇಕು, ಹುಡುಗ್ರಲ್ಲ. ಸರಿಯಾಗೇ ಬರ್ದಿದ್ದೀಯ." ಕುರ್ಚಿಯಲ್ಲಿ ಕೂತು ಏದುಸಿರು ಬಿಟ್ಟರು. ಆಮೇಲೆ ಬೆರಳು ತೋರಿಸಿ ಕೇಳಿದರು: "ಅದಿರ್ಲಿ. ಕೆಂಪಿ ಎಲ್ಲಿ?"

"ಯಾವ ಕೆಂಪಿ?"

ಅವರು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಹೇಸರಗತ್ತೆ! ಇನ್ನೂರ ಮೂವತ್ತೊಂದನೇ ಪುಟ. ಹೊಳೆ ದಂಡೆ ಹುಣಸೆ ಮರಕ್ಕೆ ಕೆಂಪೀನ ಕಟ್ಟಿ ದಳವಾಯಿ ಮುಂದೆ ಹೋಗ್ತಾನೆ. ಆಮೇಲೆ ಹೊಳೆ ಏರುತ್ತೆ, ಸೇತುವೆ ಬೀಳುತ್ತೆ, ಹೊಗೆಯರಸ ಸಾಯ್ತಾನೆ. ಯುವರಾಜನ ಮದುವೆ ಊಟಕ್ಕೆ ಹದಿನಾಲ್ಕು ಥರ ಪಲ್ಯ ಬರ್ದಿದ್ದೀಯ. ಕೆಂಪಿ ಇನ್ನೂ ಅಲ್ಲೇ ಇದೆ, ಹೊರೆ ಹೊತ್ಕೊಂಡು. ಎಲ್ಲಾದ್ರೂ ಒಂದು ಕಡೆ ಬಿಚ್ಚಿದ್ದೀಯೇನೋ ಅಂತ ನಾಲ್ಕು ದಿನದಿಂದ ಹುಡುಕ್ತಿದ್ದೀನಿ."

ಬಿಚ್ಚಿರಲಿಲ್ಲ. ಪ್ರಕಾಶಕರು ನೋಡಿರಲಿಲ್ಲ, ಕರಡು ತಿದ್ದಿದವರು ನೋಡಿರಲಿಲ್ಲ, ನೋಟ್ ಶೀಟಿನಲ್ಲಿ ನನ್ನನ್ನು ಪಾಪಿ ಎಂದವರೂ ನೋಡಿರಲಿಲ್ಲ. ನಾನಂತೂ ಅದಕ್ಕೆ ಹೆಸರಿಟ್ಟದ್ದನ್ನೇ ಮರೆತಿದ್ದೆ.

ಕರ್ನಲ್ಲರು ಕಿಟಕಿಯ ಕಡೆ ತಿರುಗಿದರು. "ನಾನು ಸಣ್ಣ ಆಫೀಸರ್ ಆಗಿದ್ದಾಗ ಬೆಟ್ಟದ ಮೇಲೊಂದು ಪೋಸ್ಟು. ಹಿಮ ಕುಸೀತು, ಆರ್ಡರ್ ಬಂತು, ಗಡಿಬಿಡಿಯಲ್ಲಿ ಇಳಿದ್ವಿ. ಒಂದು ಹೇಸರಗತ್ತೆ ಉಳೀತು. ನಾನೇ ಕಟ್ಟಿದ್ದು ಅದನ್ನ. ಬಿಚ್ಚೋಕೆ ವಾಪಸ್ ಹೋಗೋಣ ಅಂದ್ರೆ ದಾರೀನೇ ಇರ್ಲಿಲ್ಲ. ಯಾರೂ ಏನೂ ಅನ್ನಲಿಲ್ಲ. ರಿಪೋರ್ಟಲ್ಲಿ ಒಂದು ಸಾಲು, ಅಷ್ಟೇ." ಅಂಗಿಯ ಕಾಲರ್ ಸರಿಮಾಡಿಕೊಂಡು ಅಂದರು: "ಗುರುವಾರ ಟೇಬಲ್ ಮೇಲೆ ಮಲಗ್ಬೇಕು. ನಂಗೆ ಭಯ ಆಗ್ತಿದೆ ಕಣಮ್ಮ. ಇದೊಂದನ್ನ ಬಿಚ್ಚಿಬಿಡು."

ಭಯವೆಂದರೆ ನನ್ನೊಬ್ಬಳ ಸೊತ್ತು ಎಂದು ಇಷ್ಟು ವರ್ಷ ತಿಳಿದಿದ್ದೆ. ಈ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡೆ. ಪುಸ್ತಕದ ಕೊನೆಯ ನೋಟ್ ಶೀಟ್ ಇನ್ನೂ ಖಾಲಿಯಿತ್ತು. ಅವರದೇ ಪೆನ್ಸಿಲ್ ತೆಗೆದುಕೊಂಡು ಬರೆಯತೊಡಗಿದೆ: ಸೇತುವೆಗೆ ಹೋಗುವ ಮೊದಲು ದಳವಾಯಿ ಹುಣಸೆಮರದ ಹತ್ತಿರ ಹಿಂತಿರುಗಿದ, ಹಗ್ಗ ಬಿಚ್ಚಿದ.

"ಮೊದ್ಲು ಹೊರೆ ಇಳಿಸು" ಎಂದರು ಕರ್ನಲ್ಲರು. "ಹೊರೆ ಇಳಿಸ್ದೆ ಹಗ್ಗ ಬಿಚ್ಚೋನು ಎಂಥಾ ದಳವಾಯಿ?" ಹೊರೆ ಇಳಿಸಿದೆ. "ಬೆನ್ನು ಉಜ್ಜಲಿ. ಬೆವೆತಿರುತ್ತೆ." ಉಜ್ಜಿಸಿದೆ. "ಹುರಿಗಡಲೆ ಕೊಡ್ಲಿ." ಕೊಡಿಸಿದೆ. "ಈಗ ಬಿಚ್ಚು." ಬಿಚ್ಚಿದೆ. ಕೆಂಪಿ ಹೊಳೆಯ ಉದ್ದಕ್ಕೂ ಮೇಲಿನ ಹುಲ್ಲುಗಾವಲಿನ ಕಡೆ ನಡೆಯಿತು, ಒಂದು ಸಲ ತಿರುಗಿ ನೋಡಿತು ಎಂದು ಬರೆದೆ. "ತಿರುಗಿ ನೋಡೋದು ಬೇಡ, ಸಿನಿಮಾ ಥರ ಆಗುತ್ತೆ" ಎಂದು ಅದೊಂದನ್ನು ಹೊಡೆದುಹಾಕಿಸಿದರು. ಕೆಳಗೆ ನನ್ನಿಂದ ಸಹಿ, ತಾರೀಖು ಹಾಕಿಸಿಕೊಂಡು, ತಾವೂ "ನೋಡಿದೆ" ಎಂದು ಸಹಿ ಮಾಡಿ, "ಬೊಳ್ಳೂ, ಆಸ್ಪತ್ರೆ ಬ್ಯಾಗ್ ಎಲ್ಲಿಟ್ಟಿದ್ದೀಯ?" ಎಂದು ಕೂಗಿದರು.

ಗುರುವಾರ ನಾನು ಆಫೀಸಿನಲ್ಲಿ ಒಂದೇ ಕಡತವನ್ನು ಐದು ತಾಸು ಓದಿದೆ. ಸಂಜೆ ಆಂಟಿಯ ಫೋನು ಬಂತು. ಎಲ್ಲ ಸುಸೂತ್ರ. ಎಚ್ಚರವಾದ ಕೂಡಲೇ ಆಸ್ಪತ್ರೆಯ ಅಂಗಿಯ ಕಾಲರ್ ಎಲ್ಲಿ ಎಂದು ನರ್ಸನ್ನು ಕೇಳಿದರಂತೆ. ನಾನು ಕುರ್ಚಿಯಲ್ಲೇ ಕೂತು ಇನ್ನೊಮ್ಮೆ ಅತ್ತೆ. ಮಗಳು ಭಾನುವಾರ ಮನೆಗೆ ಬಂದು, ನಮ್ಮ ಪ್ರತಿಗೂ ನಾನು ಬರೆದು ಸೇರಿಸಿದ್ದ ಕೆಂಪಿಯ ಪುಟವನ್ನು ಅವರಪ್ಪನಿಂದ ಎರಡು ಸಲ ಓದಿಸಿಕೊಂಡು, "ಅಚ್ಛಾ, ಠೀಕ್ ಹೈ" ಎಂದು ನನ್ನನ್ನು ಕ್ಷಮಿಸಿದಳು. ಇನ್ನು ಹೆದರುವುದಕ್ಕೆ ಏನೂ ಉಳಿದಿಲ್ಲ ಎಂದು ಒಂದು ತಿಂಗಳು ನೆಮ್ಮದಿಯಾಗಿದ್ದೆ.

ಮೊನ್ನೆ ಬೆಳಿಗ್ಗೆ ಮೇಜಿನ ಮುಂದೆ ಕೂತಿದ್ದಾಗ ಕರ್ನಲ್ಲರ ಫೋನು. ದನಿ ಮೊದಲಿನ ಹಾಗೆ ಗುಡುಗುತ್ತಿತ್ತು. ಡಾಕ್ಟರು ಎರಡು ತಿಂಗಳು ಮನೆಬಿಟ್ಟು ಹೊರಡಬಾರದು ಎಂದಿದ್ದಾರಂತೆ. ಹಾಗಾಗಿ ಪೆನ್ಸಿಲ್ ಹಿಡಿದು ಒಂದನೇ ಭಾಗದಿಂದ ಮತ್ತೆ ಶುರು ಮಾಡಿದ್ದಾರಂತೆ. "ವತ್ಸಲಾ, ನಲವತ್ತನೇ ಪುಟ ತೆಗಿ. ರಾಜಮಾತೆ ಒಲೆ ಮೇಲೆ ಹಾಲಿಟ್ಟು ಎದ್ದು ಹೋಗ್ತಾಳೆ. ಮೂರು ಭಾಗ ಮುಗೀತು. ಆ ಹಾಲು ಇಳಿಸಿದ್ದು ಯಾರಮ್ಮ?"

ಎದೆ ಧಸಕ್ಕೆಂದಿತು. "ಪರಿಶೀಲಿಸಿ ತಿಳಿಸ್ತೀನಿ ಅಂಕಲ್" ಎಂದು ಪುಟ ತಿರುಗಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಅಡುಗೆಮನೆಯಿಂದ ಸೀದ ವಾಸನೆ ಬಂತು.